ಎಡಗೈಯ ಗಂಟು

ಗುರುವಾರ, ಹದಿನಾಲ್ಕನೇ ತಾರೀಖು
ಬೆಳಿಗ್ಗೆ, ಹೊಲಿಗೆ ಕೋಣೆಯಿಂದ

ನನ್ನ ಹಿರಿ ಮಗಳಿಗೆ,

ಅಮ್ಮನ ಆಶೀರ್ವಾದ. ಬೇಕಿದ್ದರೆ ತೆಗೆದುಕೋ, ಬೇಡವಾದರೆ ಬಿಡು. ಅಕ್ಷರ ಸೊಟ್ಟಗಿದೆಯೆಂದು ಗಾಬರಿಯಾಗಬೇಡ. ನನಗೆ ಏನೂ ಆಗಿಲ್ಲ, ಈಗಲೂ ಸೂಜಿಗೆ ದಾರವನ್ನು ಒಂದೇ ಸಲಕ್ಕೆ ಪೋಣಿಸುತ್ತೇನೆ. ಅಲ್ಲಲ್ಲಿ ಶಾಯಿ ಹರಡಿದೆ. ಕಣ್ಣೀರೆಂದುಕೊಳ್ಳಬೇಡ. ಅಳುವವಳು ನಾನಲ್ಲ.

ಹೋದ ವಾರ ಗಗನಯಾತ್ರಿಗಳಿಬ್ಬರೂ ಸುಖವಾಗಿ ಇಳಿದದ್ದನ್ನು ನೀನೂ ರೇಡಿಯೋದಲ್ಲಿ ಕೇಳಿರುತ್ತೀಯ. ಮೂರು ಕೊಡೆಗಳೂ ಅರಳಿದವು. ಊರೆಲ್ಲ ಪ್ಯಾರಾಚೂಟ್ ಎಂದರೂ ನಮ್ಮ ಕೋಣೆಯಲ್ಲಿ ಅದು ಕೊಡೆಯೇ ಅಲ್ಲವೇ. ನಿನ್ನೆ ಸಭೆ ಮಾಡಿ ಮುಖ್ಯ ದರ್ಜಿಯೆಂದು ನನ್ನನ್ನೂ ವೇದಿಕೆಗೆ ಕರೆದರು. ಇಳಿದು ಬಂದವರಲ್ಲಿ ಒಬ್ಬಳು ನಿನ್ನ ವಯಸ್ಸಿನವಳು. ನೇರ ನನ್ನ ಹತ್ತಿರ ಬಂದು, “ಅಮ್ಮಾ, ಯಾವ ಕೈಲಿ ಹೊಲಿದ್ರಿ? ಆ ಕೈ ಕೊಡಿ, ಒಂದ್ಸಲ ಮುಟ್ಬೇಕು” ಎಂದಳು. ನಾನು ಬಲಗೈ ಚಾಚಿದೆ. ಎಡಗೈ ತಾನಾಗಿಯೇ ಬೆನ್ನ ಹಿಂದೆ ಹೋಯಿತು. ಜನ ಚಪ್ಪಾಳೆ ತಟ್ಟಿದರು. ನನಗೆ ನೆಲ ಬಿರಿದು ನುಂಗಬಾರದೇ ಎನ್ನಿಸಿತು.

ಆರು ವರ್ಷದ ಹಿಂದೆ, ಮನುಷ್ಯರನ್ನು ಕೂರಿಸುವ ಮೊದಲು, ಬೊಂಬೆಯನ್ನು ಕೂರಿಸಿ ನೌಕೆ ಕಳಿಸಿದೆವಲ್ಲ. ಆ ಬೊಂಬೆಗೆ ಅಳಿಯ ಎಂದು ಹೆಸರಿಟ್ಟವಳು ನೀನು. “ಕೂರಿಸಿದಲ್ಲಿ ಕೂರ್ತಾನೆ, ಊಟಕ್ಕೆ ಕೊಂಕು ತೆಗೆಯಲ್ಲ, ಅತ್ತೆಗೆ ಎದುರಾಡಲ್ಲ. ಇಂಥ ಅಳಿಯ ಸಿಗೋಕೆ ಪುಣ್ಯ ಮಾಡಿರ್ಬೇಕಮ್ಮ” ಎಂದೆ. ಕೆಲಸ ನೋಡು ಎಂದು ನಾನು ಗದರಿದೆ. ಒಳಗೊಳಗೇ ನಕ್ಕಿದ್ದೆ. ಅದನ್ನೂ ನಿನಗೆ ತೋರಿಸಲಿಲ್ಲ.

ಅಳಿಯ ನೆಲಕ್ಕೆ ಅಪ್ಪಳಿಸಿ ನುಚ್ಚುನೂರಾದ. ಒಂದು ಕೊಡೆಯ ಹಗ್ಗ ಬುಡದಲ್ಲಿ ಕಳಚಿ ಉಳಿದೆರಡಕ್ಕೆ ಸುತ್ತಿಕೊಂಡಿತ್ತು. ಆ ಬುಡದ ಹೊಲಿಗೆ ಮೂರನೇ ಮೇಜಿನದು, ಅಂದರೆ ನಿನ್ನದು ಮತ್ತು ನನ್ನದು. ವಿಚಾರಣೆಗೆ ಬಂದ ಹಿರಿಯ ಎಂಜಿನಿಯರು ಭೂತಗನ್ನಡಿ ಹಿಡಿದು ಅಳಿದುಳಿದ ದಾರ ನೋಡಿ, “ಹೊಲಿಗೆ ಎಡಕ್ಕೆ ವಾಲಿದೆ. ಇಲ್ಲಿ ಎಡಚರು ಯಾರಿದ್ದೀರಿ?” ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಈ ಕಳ್ಳಿ ಅಷ್ಟು ಹೆಡ್ಡಿಯಲ್ಲ. ಎಲ್ಲರ ಜೊತೆ ನಾನೂ ನಿನ್ನನ್ನೇ ನೋಡಿದೆ. ಆಮೇಲೆ, “ತಪ್ಪು ನನ್ನದೇ ಸಾರ್. ಇವಳ ಎಡಗೈ ಬಿಡಿಸೋಕೆ ನನ್ನಿಂದ ಆಗ್ಲಿಲ್ಲ” ಎಂದೆ. ಎಂಥ ದೊಡ್ಡ ಮನಸ್ಸು ಎಂದು ಎಲ್ಲರೂ ತಲೆದೂಗಿದರು. ತಪ್ಪು ನನ್ನದು ಎನ್ನುತ್ತಲೇ ಅದನ್ನು ನಿನ್ನ ತಲೆಗೆ ಕಟ್ಟಿದೆ. ನೀನು ಕತ್ತರಿಯನ್ನು ಮೇಜಿನ ಮೇಲಿಟ್ಟು ಹೊರಟೆ. ಬಾಗಿಲಲ್ಲಿ ತಿರುಗಿ, “ನನ್ನ ಗಂಟು ನಂಗೆ ಗೊತ್ತಮ್ಮ” ಎಂದೆ, ಅಷ್ಟೇ. ಎಡಚರನ್ನು ಕೊಡೆಯ ಮೇಜಿಗೆ ಕೂರಿಸಬಾರದೆಂದು ಅವತ್ತೇ ನಿಯಮವಾಯಿತು.

ಆ ಗಂಟು ನನ್ನದು, ಮಗಳೇ.

ಅಳಿಯನ ಕೊಡೆ ಹೊಲಿಯುವ ವಾರ ನನ್ನ ಬಲ ಹೆಬ್ಬೆರಳಿಗೆ ಉಗುರುಸುತ್ತು ಆಗಿತ್ತು. ಕೈಗೆ ಗಾಯವಾದವರು ಕೊಡೆ ಮುಟ್ಟಬಾರದೆಂದು ಗೋಡೆಗೆ ಬರೆದು ಅಂಟಿಸಿದವಳು ನಾನೇ. ಮರುದಿನ ದೊಡ್ಡವರು ನೋಡಲು ಬರುವವರಿದ್ದರು. ಕೊನೆಯ ಗಂಟನ್ನು ಮಗಳ ಕೈಗೆ ಕೊಟ್ಟು ಹೊರಗೆ ಕೂರಲು ನನ್ನ ಜಂಬ ಒಪ್ಪಲಿಲ್ಲ. ನೀನು ಮಧ್ಯಾಹ್ನ ಊಟಕ್ಕೆ ಹೋದಾಗ ಬಾಗಿಲು ಮುಚ್ಚಿ ಎಡಗೈಯಲ್ಲಿ ಹೊಲಿದೆ. ಹೊಲಿಗೆ ಸರಿಯಾಗಿಯೇ ಬಂತು. ಗಂಟಿನಲ್ಲಿ ಕೆಟ್ಟಿತು. ತಲೆ ಬಲಗೈಯ ಗಂಟನ್ನು ಹೇಳಿತು, ಕೈ ಎಡಗೈಯದನ್ನು ಹಾಕಿತು. ಎರಡೂ ಸೇರಿ ಜಾರುಗಂಟಾಯಿತು. ಎಳೆದು ನೋಡುವ ಹೊತ್ತಿಗೆ ನಿನ್ನ ಚಪ್ಪಲಿಯ ಸದ್ದು ಕೇಳಿತು. ಎಳೆಯದೆ ಎದ್ದೆ. ನನಗೆ ಎಡಗೈ ಹೇಗೆ ಬಂತು ಎಂದು ಕೇಳುತ್ತೀಯ. ಆ ಮಾತು ಆಮೇಲೆ.

ನಾನು ಹೈಸ್ಕೂಲಿನಲ್ಲಿದ್ದಾಗ ಮೇಷ್ಟರು ಪತ್ರಿಕೆ ಓದಿ ಹೇಳುತ್ತಿದ್ದರು. ಮೊದಲು ಮೇಲೆ ಹೋದದ್ದು ಕೀಚ್ ಕೀಚ್ ಎನ್ನುವ ಒಂದು ಲೋಹದ ಚೆಂಡು. ತಿಂಗಳ ಮೇಲೆ ಒಂದು ನಾಯಿ. ನೂರೆಂಟು ನಿಮಿಷದಲ್ಲಿ ಭೂಮಿ ಸುತ್ತಿ ಬಂದ ಮನುಷ್ಯ ಆಮೇಲಿನವನು. ಚಿಕ್ಕವಳಿದ್ದಾಗ ನೀನು, “ಆ ನಾಯಿ ವಾಪಸ್ ಬಂತಾಮ್ಮ?” ಎಂದು ದಿನವೂ ಕೇಳುತ್ತಿದ್ದೆ. ಬಂತು, ಬಾಲ ಅಲ್ಲಾಡಿಸಿಕೊಂಡು ಬಂತು ಎಂದು ಹೇಳಿ ಮಲಗಿಸುತ್ತಿದ್ದೆ. ಸುಳ್ಳು. ಅದು ಬರಲಿಲ್ಲ. ಇಳಿಸುವ ದಾರಿಯನ್ನೇ ಮಾಡದೆ ಅದನ್ನು ಕಳಿಸಿದ್ದರು. ಎಂಥ ಕಟುಕರು ಎಂದು ನಾನು ಆಗ ಬೈದಿದ್ದೆ. ನಿನ್ನನ್ನು ಆ ಬಾಗಿಲಿನಿಂದ ಕಳಿಸುವಾಗ ನಾನು ಮಾತ್ರ ಯಾವ ಕೊಡೆ ಕೊಟ್ಟಿದ್ದೆ?

ಇದನ್ನೆಲ್ಲ ಎಂಜಿನಿಯರಿಗೂ ಬರೆದಿದ್ದೇನೆ. ಮನಸ್ಸು ಬದಲಾಗಬಾರದೆಂದು ಆ ಪತ್ರವನ್ನು ಮೊದಲು ಅಂಚೆ ಪೆಟ್ಟಿಗೆಗೆ ಹಾಕಿ, ಆಮೇಲೆ ಇದಕ್ಕೆ ಕೂತೆ. ಆ ನಿಯಮ ಅಳಿಸಬೇಕು, ಕೆಲಸದ ದಾಖಲೆಯಲ್ಲಿ ನಿನ್ನ ಹೆಸರಿನ ಮುಂದೆ ಎಳೆದ ಕೆಂಪು ಗೆರೆ ನನ್ನ ಹೆಸರಿಗೆ ಬರಬೇಕು ಎಂದು ಕೇಳಿದ್ದೇನೆ. ನಲವತ್ತು ವರ್ಷದ ಹೆಸರು ಹೋಗುತ್ತದೆ. ಹೋಗಲಿ, ಆರು ವರ್ಷದಿಂದ ಅದು ನಿನ್ನ ಹೆಗಲ ಮೇಲೆ ಕೂತಿತ್ತು. ನೀನು ಈಗಿರುವ ಊರಲ್ಲಿ ದಿಂಬಿನ ಚೀಲ ಹೊಲಿಯುತ್ತೀಯೆಂದು ನಿನ್ನ ತಮ್ಮ ಹೇಳಿದ. ಒಂದು ಚೀಲ ತಂದೂ ತೋರಿಸಿದ. ಗಂಟು ಎಳೆದು ನೋಡಿದೆ. ಕೂದಲೆಳೆಯಷ್ಟೂ ಜಾರಲಿಲ್ಲ.

ಕ್ಷಮಿಸು ಎಂದು ಕೇಳುವ ಅಭ್ಯಾಸ ನನಗಿಲ್ಲ. ನೀನು ಬಲ್ಲೆ. ಅದನ್ನೂ ಕಲಿಯುತ್ತಿದ್ದೇನೆಂದು ತಿಳಿ.

ಇಂತು,
ನಿನ್ನ ಅಮ್ಮ

ಮರೆತ ಮಾತು: ಮರೆತದ್ದಲ್ಲ, ಬಚ್ಚಿಟ್ಟದ್ದು. ನಾನು ಹುಟ್ಟಾ ಎಡಚಿ. ನಿನ್ನ ಅಜ್ಜಿ ನನ್ನ ಎಡಗೈಯನ್ನು ಬೆನ್ನಿಗೆ ಕಟ್ಟಿ ಬಿಡಿಸಿದಳು. ಅದೇ ಬಟ್ಟೆಪಟ್ಟಿಯಲ್ಲಿ ನಾನು ನಿನ್ನದನ್ನು ಕಟ್ಟಿದೆ. ನೀನು ಹಲ್ಲಿನಲ್ಲಿ ಕಚ್ಚಿ ಬಿಚ್ಚಿಕೊಂಡೆ. ನನಗೆ ಅಷ್ಟು ಧೈರ್ಯವಿರಲಿಲ್ಲ. ಈ ಪತ್ರವನ್ನೂ ಎಂಜಿನಿಯರಿಗೆ ಹಾಕಿದ್ದನ್ನೂ ಎಡಗೈಯಲ್ಲೇ ಬರೆದಿದ್ದೇನೆ, ಈ ಸಲ ಭೂತಗನ್ನಡಿ ಬೇಕಾಗುವುದಿಲ್ಲ. ಬರೆದ ಸಾಲಿನ ಮೇಲೆಯೇ ಅಂಗೈ ಸರಿಯುತ್ತದೆ ನೋಡು, ಶಾಯಿ ಹರಡಿದ್ದು ಅದಕ್ಕೆ. ಎಲ್ಲ ಕಡೆಯೂ ಅಲ್ಲ.