ಸೊಸೆ ಎದ್ದು ಬರಲಿಲ್ಲ

ಬಿಷ್ಕೆಕ್, ಅಕ್ಟೋಬರ್ 14, ಮಂಗಳವಾರ

ನಿದ್ದೆ ಹತ್ತುತ್ತಿಲ್ಲ, ಎದ್ದು ಕೂತು ಬರೆಯುತ್ತಿದ್ದೇನೆ.

ಸೊಸೆ ಐಜಿರೆಕ್‌ಳ ಗಾರ್ಮೆಂಟ್ಸ್‌ನವರು ಕಾಲರ್ ಹೊಲಿಯುವ ಕೆಲಸವನ್ನು ಊರಾಚೆಯ ಒಂದು ಶೆಡ್ಡಿಗೆ ಕೊಡುವವರಿದ್ದರು. ಹೊಲಿಗೆ ನೋಡಿ ಬಾ ಎಂದು ಇವಳನ್ನು ಕಳಿಸಿದರು. ಅಲ್ಲಿ ಬಾಗಿಲಿಗೆ ಹೊರಗಿನಿಂದ ಬೀಗ. ಒಳಗೆ ದೂರದ ಬಾತ್ಕೆನ್ ಪ್ರಾಂತ್ಯದ ಐದು ಹುಡುಗಿಯರು; ಅವರ ಪಾಸ್‌ಪೋರ್ಟೆಲ್ಲ ಮಾಲೀಕನ ಹತ್ತಿರ. "ಅಕ್ಕಾ, ನಮ್ಮನ್ನ ಮನೆಗೆ ಬಿಡ್ತಿಲ್ಲ" ಅಂದಳಂತೆ ಒಬ್ಬಳು, ತಲೆ ಎತ್ತದೆ.

ಇವಳು ಅಲ್ಲೇ ಒಂದು ಮಷೀನಿನ ಮುಂದೆ ಕೂತುಬಿಟ್ಟಳಂತೆ.

"ಹೊಲಿಗೆ ನೋಡಿದ್ದಾಯ್ತಲ್ಲ, ಹೊರಡಮ್ಮ" ಅಂದನಂತೆ ಮಾಲೀಕ.

"ಇವರ ಪಾಸ್‌ಪೋರ್ಟ್ ಕೊಡಿ, ಎಲ್ಲರೂ ಹೊರಡ್ತೀವಿ. ಇಲ್ಲಾಂದ್ರೆ ನನ್ನನ್ನೂ ಸೇರಿಸಿ ಬೀಗ ಹಾಕ್ಕೊಳ್ಳಿ. ನನ್ನ ಹುಡುಕ್ಕೊಂಡು ಬರೋರಿದ್ದಾರೆ."

ನಮ್ಮ ಮನೆಯಲ್ಲಿ ಜೋರಾಗಿ ಕೆಮ್ಮದ ಹುಡುಗಿ! ಸಂಜೆಯೊಳಗೆ ಅವನು ಕೊಟ್ಟೇಬಿಟ್ಟ. ಇವಳ ಕಂಪನಿಯೂ ಆ ಶೆಡ್ಡಿನ ಸಹವಾಸವೇ ಬೇಡ ಎಂದಿತಂತೆ. ಐದೂ ಜನ ಈಗ ನಮ್ಮ ನಡುಮನೆಯಲ್ಲಿ ಮಲಗಿದ್ದಾರೆ.

ಎದುರಿಗೆ ಹೊಗಳಲು ನನಗೆ ಬಾಯಿ ಬರಲಿಲ್ಲ. ಊಟಕ್ಕೆ ಕುರಿಯ ತೊಡೆಮಾಂಸದ ದೊಡ್ಡ ತುಂಡನ್ನು ಅವಳ ಬಟ್ಟಲಿಗೆ ಹಾಕಿದೆ.

"ಅತ್ತೆ, ಇದು ಮಾವನ ಪಾಲು!"

"ಇವತ್ತು ನಿಂದು. ಸುಮ್ನೆ ತಿನ್ನು."

ಇವರು ತಮ್ಮ ಬಟ್ಟಲನ್ನು ಆಚೆ ಸರಿಸಿ, "ತಿನ್ನಮ್ಮ, ನಾನು ಎಲುಬು ಚೀಪ್ಕೋತೀನಿ" ಅಂದರು.