ಮುತ್ತಿನ ಗೇಟು

ಮೇ 9, ಶುಕ್ರವಾರ. ಬೆಳಿಗ್ಗೆ

ಇವತ್ತೂ ನೆಸ್ಟಾಳ ಬೂಟಿನ ಲೇಸು ನಾನೇ ಕಟ್ಟಿದೆ. ಐವತ್ತಾರು ವರ್ಷದ ತಂಗಿ. "ಬಿಡೇ ಟೆಗ್, ಗಂಡ ಸತ್ತಿದ್ದು ನಂಗೆ, ಕೈಯೇನೂ ಬಿದ್ದುಹೋಗಿಲ್ಲ" ಎಂದಳು. ನಗುವ ಮಾತೇ? ಗ್ವಿಲಿಮ್ ಹೋಗಿ ಇನ್ನೂ ವರ್ಷ ತುಂಬಿಲ್ಲ.

ಈ ಮೂರು ದಿನದ ಬೆಟ್ಟ ಸುತ್ತಾಟಕ್ಕೆ ಒಪ್ಪಿದ್ದೇ ಅವಳಿಗಾಗಿ. ಡೊಲ್ಗೆಥ್ಲಾಯ್‌ನ ಈ ಗೆಸ್ಟ್ ಹೌಸಿನಲ್ಲಿ ಹಾಸಿಗೆ ತಗ್ಗು, ಟೀ ಬರೀ ನೀರು. ಇರಲಿ. ಭಾನುವಾರದೊಳಗೆ ಅವಳ ಬಾಯಿಂದ ಹೂಂ ಅನ್ನಿಸಬೇಕು — ಕಾರ್ಡಿಫಿನ ಮನೆ ಮಾರಿ ಸ್ವಾನ್ಸಿಗೆ ಬಂದು ನನ್ನ ಜೊತೆ ಇರಲು. ಹಿಂದಿನ ಕೋಣೆ ಖಾಲಿ ಮಾಡಿಸಿ ಹೊಸ ಪರದೆ ಹಾಕಿಸಿದ್ದೇನೆ. ಪಾಪ, ಒಬ್ಬಳೇ ಹೇಗಿದ್ದಾಳು?

ಅದೇ ದಿನ, ಸಂಜೆ

ದಾರಿ ತೋರಿಸಲು ಬಂದವನು ಐವರ್ ಅಂತೆ. ರಿಟೈರಾದ ಮೇಷ್ಟ್ರು, ಮೊಣಕಾಲು ಕಾಣುವ ಚಡ್ಡಿ. ಕುರಿ ಕಂಡರೆ ಕುರಿಯ ಪಾಠ, ಕಲ್ಲು ಕಂಡರೆ ಕಲ್ಲಿನ ಪಾಠ. ಕಾದರ್ ಇದ್ರಿಸ್ ಬೆಟ್ಟದ ಮೇಲೆ ರಾತ್ರಿ ಮಲಗಿದವರು ಹುಚ್ಚರಾಗಿಯೋ ಕವಿಯಾಗಿಯೋ ಏಳುತ್ತಾರೆ — ನಮ್ಮಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತಿರುವ ಈ ಕಥೆಯನ್ನೂ ಹೇಳಿದ. ನೆಸ್ಟಾ ಈಗಷ್ಟೇ ಕೇಳಿದವಳಂತೆ ಕಣ್ಣರಳಿಸಿದಳು.

"ಹೌದಾ! ನೀವು ಮಲಗಿದ್ದೀರಾ?"

"ಎರಡು ಸಲ. ಕವಿ ಮಾತ್ರ ಆಗ್ಲಿಲ್ಲ."

"ಹಾಗಾದ್ರೆ ಇನ್ನೊಂದೇ ಉಳೀತು!"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗು. ಮಳೆ. ನನ್ನ ಸಾಕ್ಸ್ ಒದ್ದೆ. ಯಾರೂ ಕೇಳಲಿಲ್ಲ.

ಮೇ 10, ಶನಿವಾರ

ಸಿಟ್ಟಿಗೆ ಊಟಕ್ಕೂ ಇಳಿಯದೆ ಬರೆಯುತ್ತಾ ಕೂತಿದ್ದೇನೆ.

ಹೊಲದ ಅಂಚಿನಲ್ಲಿ ಮುತ್ತಿನ ಗೇಟು. ಕಡಲ ಮುತ್ತಲ್ಲ, ಕೆನ್ನೆಯದು. ಕುರಿ ನುಸುಳದಂತೆ, ಒಂದು ಸಲಕ್ಕೆ ಒಬ್ಬರೇ ತೂರುವ ಹಾಗೆ ಮಾಡಿರುತ್ತಾರೆ. ಮುಂದೆ ಹೋದವರು ಗೇಟು ಹಿಡಿದು ನಿಂತು ಹಿಂದಿನವರಿಂದ ಮುತ್ತಿನ ಸುಂಕ ಕೇಳುವುದು ಹಳೇ ತಮಾಷೆ. ಹುಡುಗ ಹುಡುಗಿಯರದು! ನೆಸ್ಟಾ ಮೊದಲು ಹೋದಳು. ಗೇಟು ಹಿಡಿದಳು. ಹಿಂದೆ ಐವರ್.

"ಸುಂಕ ಕೊಡದೆ ಬಿಡಲ್ಲಪ್ಪ."

ಕೊಟ್ಟ. ಕೆನ್ನೆಗೂ ಅಲ್ಲ.

ಆಮೇಲೆ ನಾನು. ಐವರ್ ಗೇಟು ಹಿಡಿಯಲಿಲ್ಲ. ಮರ್ಯಾದೆಯಿಂದ ಸರಿದು "ಬನ್ನಿ ಟೆಗ್ವೆನ್, ಜಾರುತ್ತೆ, ಹುಷಾರು" ಎಂದ. ಹಿಡಿದಿದ್ದರೆ ಕೋಲಿನಿಂದಲೇ ಬಾರಿಸುತ್ತಿದ್ದೆ. ಆದರೂ... ಬಾಯಿಮಾತಿಗಾದರೂ ಕೇಳಬಾರದಿತ್ತೇ? ನಾನೇನು ಗೇಟಿನ ಕಂಬವೇ?

ಮೇ 11, ಭಾನುವಾರ

ತಿಂಡಿಗೆ ಮುಂಚೆ ಕೇಳಿಯೇಬಿಟ್ಟೆ. ಪರದೆಯ ವಿಷಯವನ್ನೂ ಹೇಳಿದೆ.

"ನಾನು ಬರ್ತೀನಿ ಅಂತ ಯಾವಾಗ ಅಂದೆ?" ಎಂದಳು.

"ಒಬ್ಳೇ ಇರ್ತೀಯಲ್ಲೇ!"

"ಇರ್ತೀನಿ. ಅಳು ಬಂದ್ರೆ ಅಳ್ತೀನಿ, ಆಮೇಲೆ ಸೂಪ್ ಕುಡಿದು ಮಲಗ್ತೀನಿ. ಈ ಟ್ರಿಪ್ಪು ನಂಗೋಸ್ಕರ ಅಂದ್ಕೊಂಡ್ಯಾ? ನಿನ್ನನ್ನ ಆ ಮನೆಯಿಂದ ಆಚೆ ಎಳೀಬೇಕಿತ್ತು ಕಣೇ. ಒಬ್ಳೇ ಇರೋಕೆ ಭಯ ನಿಂಗೆ, ನಂಗಲ್ಲ."

ಎಂಥ ನಾಲಿಗೆ! ಎತ್ತಿ ಆಡಿಸಿದ ಅಕ್ಕನಿಗೆ ಆಡುವ ಮಾತೇ ಇದು? ಬಸ್ಸಿನಲ್ಲಿ ಬೇರೆ ಸೀಟು ಹಿಡಿದು ಕೂತೆ.

ಮೇ 28, ಬುಧವಾರ. ಸಂಜೆ

ಇಷ್ಟು ದಿನ ಬರೆಯಲು ಏನೂ ಇರಲಿಲ್ಲ. ಅಂಗಡಿ, ಚಾಪೆಲ್, ಮನೆ.

ಇವತ್ತು ನೆಸ್ಟಾಳ ಫೋನ್. ಏನೂ ನಡೆದೇ ಇಲ್ಲವೆಂಬಂತೆ. ಶನಿವಾರ ಐವರ್ ಜೊತೆ ಬ್ರೆಕನ್ ಬೆಟ್ಟಕ್ಕಂತೆ. "ನೀನೂ ಬಾರೇ. ಬೈಯೋಕೆ ಯಾರೂ ಇಲ್ದಿದ್ರೆ ನಡೆದ ಹಾಗೇ ಆಗಲ್ಲ." ಬರುವುದಿಲ್ಲ ಎಂದೆ. ನನಗೇನು ಬೇರೆ ಕೆಲಸವಿಲ್ಲವೇ?

ನನಗೆ ಭಯವಂತೆ! ಅಮ್ಮ ಹೋದ ಮೇಲೆ ಇಷ್ಟು ವರ್ಷ ಈ ಮನೆಯಲ್ಲಿ ಇದ್ದವಳು ಯಾರು? ದಿನವಿಡೀ ರೇಡಿಯೊ ಹಾಕಿಟ್ಟ ಮಾತ್ರಕ್ಕೆ ಭಯವೇ? ಬೇಕಾದರೆ ಈಗಲೇ ಆರಿಸಿ ತೋರಿಸುತ್ತೇನೆ.

ಆರಿಸಿದೆ.

ಫ್ರಿಜ್ಜಿನದು ಇಷ್ಟು ಸದ್ದು ಎಂದು ಗೊತ್ತೇ ಇರಲಿಲ್ಲ... ಹಿಂದಿನ ಕೋಣೆಯ ಬಾಗಿಲು ಹಾಕಿ ಬಂದೆ. ಎದ್ದು ಹೋಗಿ ಮತ್ತೆ ತೆಗೆದೆ. ನೆಸ್ಟಾ ಅಂದದ್ದು ಶುದ್ಧ ಸುಳ್ಳು ಎಂದು ಬರೆಯಲು ಕೂತವಳು ನಾನು. ಬರೆಯುತ್ತೇನೆ. ಮೊದಲು ಒಂದು ಫೋನ್ — ಶನಿವಾರ ಎಷ್ಟು ಗಂಟೆಗೆ ಎಂದು ಅವಳು ಹೇಳಲೇ ಇಲ್ಲ.