ಒಲೆ ಹೊತ್ತದ ಕಾದಂಬರಿ

ಹುಕ್ಕೇರಿ
ತಾ. ೧೪ ನವೆಂಬರ ೧೯೩೮

ಪುಣೆಯಲ್ಲಿರುವ ನಮ್ಮ ಯಜಮಾನರಿಗೆ ಇಂದ್ರವ್ವನ ಶರಣು.

ನಿಮ್ಮ ಕೆಮ್ಮು ಹೇಗಿದೆ? ಕಳಿಸಿದ ಕಷಾಯದ ಪುಡಿ ತೀರಿರಬೇಕು. ಅತ್ತೆಯವರ ಮೊಣಕಾಲು ನೋವು ಕಡಿಮೆಯಾಗಿದೆ. ನಾನೂ ಕ್ಷೇಮ, ತಲೆ ಮಾತ್ರ ಮೂರು ದಿನದಿಂದ ಕಾದ ಹಂಚಿನಂತಾಗಿದೆ. ಕಾರಣ ನೀವೇ.

ಶುಕ್ರವಾರ ಮಧ್ಯಾಹ್ನ ಹೊಸ ಮಾಮಲೇದಾರ ಸಾಹೇಬರು ನಮ್ಮಲ್ಲಿ ಊಟಕ್ಕೆ ಬಂದಿದ್ದರು. ಓದಿದವರು, ಟಾಕಿ ನೋಡುವವರು. ಅವರೆದುರು ಏನು ಮಾತಾಡಲಿ ಎಂದು ನಿಮ್ಮ ತಮ್ಮ ದುಂಡಪ್ಪ ನಿಮಗೆ ಬರೆದು ಕೇಳಿದ್ದನಂತೆ. ನಿಮ್ಮ ಉತ್ತರವೂ ಬಂದಿತ್ತಂತೆ. ನನಗೇನು ಗೊತ್ತು? ಗಂಡಸರು ಪಡಸಾಲೆಯಲ್ಲಿ ಕುಳಿತರು. ಎಣ್ಣೆಗಾಯಿ ಮುರಿಯುತ್ತ ದುಂಡಪ್ಪ, ನಾನು ಓದಿ ನಿಮಗೆ ಬರೆದಿದ್ದ ಕಾದಂಬರಿಯ ಮಾತು ಶುರು ಮಾಡಿದ: ‘ಆ ಕಾದಂಬರ್ಯಾಗ ನಾಲ್ಕ ಸಲ ಊಟ ಆಗತೈತ್ರಿ ಸಾಹೇಬ್ರ, ಒಮ್ಮಿನೂ ಒಲಿ ಹೊತ್ತೂದಿಲ್ಲ. ನಮ್ಮ ಅಣ್ಣಾರ ಅಭಿಪ್ರಾಯ ಇದು.’ ಅಣ್ಣನ ಅಭಿಪ್ರಾಯ! ಸಾಹೇಬರು ತುತ್ತು ಕೈಯಲ್ಲೇ ಹಿಡಿದು ನಕ್ಕರು. ನಾನು ಗೋಕಾಕದ ತವರಿಗೆ ಹೋದಾಗ ನೋಡಿದ ಟಾಕಿಯೂ ಮಾತಿಗೆ ಬಂತು: ‘ಆ ನಾಯಕಿ ಎಷ್ಟ ಅತ್ರೂ ಸೀರಿ ನಿರಿಗಿ ಕೆಡೂದಿಲ್ಲ ನೋಡ್ರಿ.’ ಶ್ರಾವಣದಲ್ಲಿ ನಾನು ನಿಮಗೆ ಬರೆದ ಕಾಗದ, ಅಕ್ಷರಕ್ಕಕ್ಷರ! ಬರೆದವಳು ಬಾಗಿಲ ಮರೆಯಲ್ಲಿ ತುಪ್ಪದ ತಂಬಿಗೆ ಹಿಡಿದು ನಿಂತಿದ್ದೆ.

‘ಅದು ನಾ ಬರದದ್ದರಿ’ ಎನ್ನಲು ಹೊಸ್ತಿಲಿಗೆ ಬಂದೆ. ಅತ್ತೆಯವರು ಸೆರಗು ಹಿಡಿದೆಳೆದರು: ‘ಮಂದಿ ಮುಂದ ಗಂಡನ ಮರ್ಯಾದಿ ಕಳೀತಿ ಏನ? ಹೋಳಿಗಿ ನೀಡು.’ ನೀಡಿದೆ. ‘ನಿಮ್ಮ ಅಣ್ಣಾರು ಭಾಳ ಶಾಣ್ಯಾರು’ ಎಂದು ಸಾಹೇಬರು ಹೊಗಳುವಾಗ ಅವರ ಎಲೆಗೆ ತುಪ್ಪ ಹಾಕಿದವಳೂ ನಾನೇ. ಹೋಳಿಗೆಯನ್ನು ಮಾತ್ರ ‘ನಮ್ಮ ವೈನಿ ಮಾಡಿದ್ದು’ ಎಂದು ನನ್ನ ಹೆಸರಿಗೆ ಹಾಕಿದ ದುಂಡಪ್ಪ. ಅದನ್ನು ಮಾಡಿದವರು ಅತ್ತೆಯವರು! ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

ನೀವು ಆ ಪುಸ್ತಕ ತೆರೆದೂ ನೋಡಿದವರಲ್ಲ. ‘ನೀನ ಓದಿ ಬರಿ, ನನಗ ಪುರಸೊತ್ತಿಲ್ಲ’ ಎಂದಿರಿ. ನಿಮಗೊಬ್ಬರಿಗೆಂದು ಮನಸ್ಸು ಬಿಚ್ಚಿ ಬರೆದೆ. ಅದನ್ನು ಹಂಚುವುದೇ ಆಗಿದ್ದರೆ ‘ನನ್ನ ಹೆಂಡತಿ ಹೇಳಿದ್ದು’ ಎಂಬ ಮೂರು ಶಬ್ದಕ್ಕೆ ನಿಮ್ಮ ಶಾಯಿ ಸಾಲದಾಯಿತೇ? ಬಹಳ ಸಂಕಟವಾಯಿತು ನನಗೆ. ಅವತ್ತು ಊಟವೂ ಸೇರಲಿಲ್ಲ.

ತಣ್ಣೀರು ಕುಡಿಯಬೇಡಿ, ಹೊತ್ತಿಗೆ ಸರಿಯಾಗಿ ಉಣ್ಣಿ. ಅತ್ತೆಯವರು ಆಶೀರ್ವಾದ ತಿಳಿಸಿದ್ದಾರೆ.

ಇನ್ನೂ ಸಿಟ್ಟಿಳಿಯದ,
ಇಂದ್ರವ್ವ

ತಾ.ಕ.: ಟಪ್ಪಾಲಿನವನು ಬಾಗಿಲಲ್ಲಿ ನಿಂತಿದ್ದಾನೆ. ಸಾಹೇಬರು ಬರುವ ಸೋಮವಾರ ಪುಣೆಗೆ ಹೋಗುತ್ತಾರೆ. ಆ ಕಾದಂಬರಿಯ ಕೊನೆಯ ಬಗ್ಗೆ ಮಾತಾಡಲು ನಿಮ್ಮ ಕೋಣೆಗೇ ಬರುತ್ತಾರಂತೆ; ದುಂಡಪ್ಪ ವಿಳಾಸ ಕೊಟ್ಟಿದ್ದಾನೆ. ಕೊನೆ ಏನಾಗುತ್ತದೆಂದು ನಾನು ನಿಮಗೆ ಬರೆದಿಲ್ಲ, ಬರೆಯುವುದೂ ಇಲ್ಲ. ಅವರು ಕೇಳಿದಾಗ, ಓದಿದವಳ ಹೆಸರು ಹೇಳಿ.